ಕುಡುಗೋಲು ಕಣವೂ ಹೃದಯದ ಹೊರೆಯೂ

ಕುಡುಗೋಲು ಎಂಬ ಪದವನ್ನು ಕೋರ ಹೋಬಳಿಯ ರೈತನಿಗೆ ವಿವರಿಸಬೇಕಾದ ಅಗತ್ಯವಿಲ್ಲ. ರಾಗಿಯ ತೆನೆ ಬಲಿತು ಕೊಯ್ಲಿಗೆ ಬಂದಾಗ ಮನೆಮನೆಯ ಸೂರಿನಿಂದ ಕೆಳಗಿಳಿಯುವ ಆ ಬಾಗಿದ ಅಲಗು ಅನ್ನದ ಸಂಕೇತ. ಅದೇ ಪದ ವೈದ್ಯಶಾಸ್ತ್ರದಲ್ಲಿ ಒಂದು ಕಠಿಣ ವ್ಯಾಧಿಯ ಹೆಸರಿಗೆ ಸೇರಿಕೊಂಡಿದೆ. ‘ಸಿಕಲ್ ಸೆಲ್ ಅನೀಮಿಯಾ’ ಎಂದು ವೈದ್ಯರು ಕರೆಯುವ ಈ ರೋಗವನ್ನು ಕನ್ನಡದಲ್ಲಿ ‘ಕುಡುಗೋಲು ಕಣ ರಕ್ತಹೀನತೆ’ ಎನ್ನಬಹುದು. ಈ ಹೆಸರಿನ ಪೂರ್ವಾರ್ಧ ಸಾರ್ಥಕವಾದುದು. ದುಂಡಗಿರಬೇಕಾದ ರಕ್ತಕಣ ಕುಡುಗೋಲಿನಂತೆ ಬಾಗುವುದೇ ರೋಗದ ಮುಖ್ಯ ಲಕ್ಷಣ. ಉತ್ತರಾರ್ಧವಾದರೋ ತಿಳಿಯದವರನ್ನು ಬೇರೆ ದಾರಿಗೆ ಎಳೆಯುವ ಸಂಭವವುಳ್ಳದ್ದು.

‘ರಕ್ತಹೀನತೆ’ ಎಂದೊಡನೆ ಸಾಮಾನ್ಯ ಜನರ ಮನಸ್ಸಿಗೆ ಹೊಳೆಯುವುದು ಆಹಾರದ ಕೊರತೆ. ಮಗುವಿಗೆ ಸೊಪ್ಪು, ಬೆಲ್ಲ, ರಾಗಿ ಕೊಟ್ಟರೆ ಸಾಕು, ಕಬ್ಬಿಣಾಂಶದ ಮಾತ್ರೆ ನುಂಗಿಸಿದರೆ ಮುಖಕ್ಕೆ ಕಳೆ ಬಂದೀತು ಎಂಬ ನಂಬಿಕೆ ಆಗ ಹುಟ್ಟುತ್ತದೆ. ಈ ವ್ಯಾಧಿಯಲ್ಲಿ ರಕ್ತ ಕಡಮೆಯಾಗುವುದು ಕಬ್ಬಿಣದ ಅಭಾವದಿಂದಲ್ಲ. ಹುಟ್ಟಿದ ರಕ್ತಕಣಗಳು ಅಕಾಲದಲ್ಲಿ ನಾಶವಾಗುವುದರಿಂದ. ರೋಗವನ್ನು ಸ್ವಲ್ಪ ಬಲ್ಲವರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಇದು ಕೈಕಾಲು ನೋವಿನ ರೋಗ ಎನ್ನುವರು. ಅದೂ ನಿಜವೇ. ಆದರೆ ರಕ್ತದ ಈ ದೋಷದ ಸಾಲವನ್ನು ಹಗಲಿರುಳೂ ತೀರಿಸುತ್ತಿರುವ ಅಂಗ ಬೇರೊಂದಿದೆ, ಅದು ಹೃದಯ. ನೋವು ಕೂಗಿ ಹೇಳುತ್ತದೆ. ಹೃದಯ ಬಹುಕಾಲ ಏನನ್ನೂ ಹೇಳದೆ ದುಡಿಯುತ್ತದೆ. ಅದರ ಆಯಾಸದ ಮೊದಲ ಕುರುಹುಗಳು ಕಾಣುವುದು ಮಗು ನಡೆಯುವಾಗ, ಮೆಟ್ಟಿಲು ಹತ್ತುವಾಗ, ಆಡುವಾಗ. ಅದನ್ನು ಕಾಣಬಲ್ಲವರು ಮಗುವಿನೊಡನೆ ದಿನದ ಬಹುಭಾಗ ಕಳೆಯುವ ಉಪಾಧ್ಯಾಯರು. ಆದ್ದರಿಂದ ಇದು ಆಸ್ಪತ್ರೆಗೆ ಮಾತ್ರ ಸೇರಿದ ವಿಷಯವಲ್ಲ, ಶಾಲೆಗೂ ಸೇರಿದ ವಿಷಯ ಎಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ಮೊದಲು ರೋಗದ ಸ್ವರೂಪವನ್ನು ಅರಿಯಬೇಕು. ರಕ್ತಕ್ಕೆ ಕೆಂಪು ಬಣ್ಣವನ್ನು ಕೊಟ್ಟು, ಶ್ವಾಸಕೋಶದಿಂದ ಆಮ್ಲಜನಕವನ್ನು ಹೊತ್ತು ದೇಹದ ಮೂಲೆಮೂಲೆಗೂ ತಲುಪಿಸುವ ವಸ್ತು ಹಿಮೋಗ್ಲೋಬಿನ್. ಅದರ ಒಂದು ಬಗೆಯ ಸರಪಳಿಯಲ್ಲಿ 146 ಅಮೈನೋ ಆಮ್ಲಗಳು ಮಣಿಗಳಂತೆ ಪೋಣಿಸಲ್ಪಟ್ಟಿವೆ. ಆರನೆಯ ಸ್ಥಾನದಲ್ಲಿ ಗ್ಲುಟಾಮಿಕ್ ಆಮ್ಲ ಇರಬೇಕಾದುದು ಸಹಜ. ಈ ರೋಗದಲ್ಲಿ ಆ ಒಂದು ಸ್ಥಾನದಲ್ಲಿ ವ್ಯಾಲಿನ್ ಎಂಬುದು ಬಂದು ಕೂರುತ್ತದೆ; ಉಳಿದ 145 ಯಥಾಸ್ಥಾನದಲ್ಲಿಯೇ ಇರುತ್ತವೆ. ಇಷ್ಟು ಅಲ್ಪವಾದ ವ್ಯತ್ಯಾಸದಿಂದ ಏನಾದೀತು ಎಂದು ಕೇಳುವವರಿಗೆ ಕನ್ನಡ ತರಗತಿಯೇ ಉತ್ತರ ಹೇಳುತ್ತದೆ. ‘ಹಾಲು’ ಎಂದು ಬರೆಯಬೇಕಾದ ಕಡೆ ‘ಹಾಳು’ ಎಂದು ಬರೆದರೆ ಬದಲಾದುದು ಒಂದು ವ್ಯಂಜನ ಮಾತ್ರ, ಅರ್ಥವೋ ತಲೆಕೆಳಗು. ಹಾಗೆಯೇ ಇಲ್ಲಿ, ಆಮ್ಲಜನಕವನ್ನು ಬಿಟ್ಟುಕೊಟ್ಟ ಹಿಮೋಗ್ಲೋಬಿನ್ ಒಂದಕ್ಕೊಂದು ಅಂಟಿ ಉದ್ದನೆಯ ಕಡ್ಡಿಗಳಾಗಿ, ಮೆತ್ತಗೆ ಬಳುಕಬೇಕಾದ ದುಂಡು ಕಣವನ್ನು ಗಡುಸಾಗಿಸಿ ಬಾಗಿಸುತ್ತದೆ. ಆರೋಗ್ಯವಂತನ ಕೆಂಪು ರಕ್ತಕಣ ಸುಮಾರು 120 ದಿನ ಬದುಕಿದರೆ, ಈ ಕುಡುಗೋಲು ಕಣ 10ರಿಂದ 20 ದಿನಗಳಲ್ಲೇ ಒಡೆದುಹೋಗುತ್ತದೆ. ಎಲುಬಿನ ಮಜ್ಜೆ ಎಷ್ಟು ವೇಗವಾಗಿ ಹೊಸ ಕಣಗಳನ್ನು ಹುಟ್ಟಿಸಿದರೂ ಈ ನಷ್ಟವನ್ನು ತುಂಬಲಾರದು.

ಈ ರೋಗದ ಮೊದಲ ವೈದ್ಯಕೀಯ ವರದಿಯಲ್ಲೇ ಹೃದಯದ ಮಾತು ಬಂದಿದೆ ಎಂಬುದು ಗಮನಾರ್ಹ. 1910ರಲ್ಲಿ ಅಮೆರಿಕದ ಷಿಕಾಗೋ ನಗರದ ವೈದ್ಯ ಜೇಮ್ಸ್ ಹೆರಿಕ್ ಈ ಬಾಗಿದ ಕಣಗಳ ವಿವರಣೆಯನ್ನು ಪ್ರಕಟಿಸಿದನು. ಅವನ ರೋಗಿ ಗ್ರೆನೇಡಾ ದ್ವೀಪದಿಂದ ದಂತವೈದ್ಯ ಕಲಿಯಲು ಬಂದಿದ್ದ ಒಬ್ಬ ತರುಣ ವಿದ್ಯಾರ್ಥಿ. ಎದೆ ಬಡಿತವೂ ಏದುಸಿರೂ ಆ ತರುಣನನ್ನು ವರ್ಷಕಾಲದಿಂದ ಕಾಡುತ್ತಿದ್ದುವು. ಅವನು ಅದಕ್ಕೆ ತನ್ನ ಧೂಮಪಾನವೇ ಕಾರಣವೆಂದು ಬಗೆದಿದ್ದನು. ಹೃದಯರೋಗ ಶಾಸ್ತ್ರದಲ್ಲಿ ಹೆರಿಕ್‌ನ ಹೆಸರು ಇನ್ನೊಂದು ಕಾರಣಕ್ಕೂ ಪ್ರಸಿದ್ಧ. ಹೃದಯದ ಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿ ಆಘಾತವಾಗುವ ಪರಿಯನ್ನು 1912ರಲ್ಲಿ ಸ್ಪಷ್ಟವಾಗಿ ವಿವರಿಸಿದವನೂ ಅವನೇ. ಮುಂದೆ 1949ರಲ್ಲಿ ಲೈನಸ್ ಪೌಲಿಂಗ್ ಮತ್ತು ಸಂಗಡಿಗರು ದೋಷವಿರುವುದು ಹಿಮೋಗ್ಲೋಬಿನ್ನಿನ ಅಣುವಿನಲ್ಲಿ ಎಂದು ತೋರಿಸಿದರು. ಆ ಒಂದು ಅಮೈನೋ ಆಮ್ಲದ ವ್ಯತ್ಯಾಸವನ್ನು 1950ರ ದಶಕದಲ್ಲಿ ವರ್ನನ್ ಇಂಗ್ರಮ್ ಕಂಡುಹಿಡಿದನು.

ಭಾರತದಲ್ಲಿ ಈ ಕಣಗಳ ಇರವು 1952ರಲ್ಲಿ ಬೆಳಕಿಗೆ ಬಂದಿತು. ಲೇಮನ್ ಮತ್ತು ಕಟ್‌ಬುಷ್ ಎಂಬ ಸಂಶೋಧಕರು ನೀಲಗಿರಿಯ ಬುಡಕಟ್ಟುಗಳಲ್ಲಿ ಇದನ್ನು ಗುರುತಿಸಿದರು. ನೀಲಗಿರಿಯ ಕಾಡು ಕರ್ನಾಟಕದ ಗಡಿಯಲ್ಲಿ ನಿಂತುಹೋಗುವುದಿಲ್ಲ. ಬಂಡೀಪುರ, ಹೆಗ್ಗಡದೇವನಕೋಟೆ, ಕೊಡಗು, ಬಿಳಿಗಿರಿರಂಗನ ಬೆಟ್ಟಗಳವರೆಗೂ ಆ ಅರಣ್ಯದ ಹರವು ಮುಂದುವರಿದಿದೆ. ಅಲ್ಲಿ ಬದುಕುವ ಸೋಲಿಗರು, ಜೇನುಕುರುಬರು, ಬೆಟ್ಟಕುರುಬರು, ಯರವರು ಮುಂತಾದ ಸಮುದಾಯಗಳಲ್ಲಿ ಈ ರೋಗ ಕಂಡುಬಂದಿದೆ. ಡಾ. ಎಚ್. ಸುದರ್ಶನ್ ಅವರು 1981ರಲ್ಲಿ ಬಿಳಿಗಿರಿರಂಗನ ಬೆಟ್ಟದಲ್ಲಿ ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಸೋಲಿಗರ ಮಧ್ಯೆ ಈ ರೋಗದ ಪತ್ತೆಗೂ ಚಿಕಿತ್ಸೆಗೂ ದುಡಿದ ಸಂಸ್ಥೆಗಳಲ್ಲಿ ಒಂದು. ಆ ಕೇಂದ್ರ ಆಸ್ಪತ್ರೆಯ ಜೊತೆಗೇ ಶಾಲೆಯನ್ನೂ ನಡೆಸಿತೆಂಬುದು ವಿದ್ಯಾಸಂಸ್ಥೆಗಳು ಮನಗಾಣಬೇಕಾದ ಅಂಶ. ದೇಶದ ಪರಿಶಿಷ್ಟ ಪಂಗಡಗಳಲ್ಲಿ ಹುಟ್ಟುವ ಪ್ರತಿ 86 ಮಕ್ಕಳಲ್ಲಿ ಒಂದಕ್ಕೆ ಈ ರೋಗವಿದೆಯೆಂಬುದು ಕೇಂದ್ರ ಸರ್ಕಾರದ ಅಂದಾಜು. ಬುಡಕಟ್ಟುಗಳಿಗೆ ಸೇರದ ಜನರಲ್ಲಿಯೂ ಇದು ಇಲ್ಲದಿಲ್ಲ.

ಇದು ಅಂಟುರೋಗವಲ್ಲ, ಶಾಪವೂ ಅಲ್ಲ, ಯಾರ ನಡತೆಯ ಫಲವೂ ಅಲ್ಲ. ತಂದೆಯಿಂದ ಒಂದು, ತಾಯಿಯಿಂದ ಒಂದು ಹೀಗೆ ಎರಡು ದೋಷಯುಕ್ತ ಜೀನುಗಳು ಮಗುವಿಗೆ ಬಂದಾಗ ಮಾತ್ರ ರೋಗ ಉಂಟಾಗುತ್ತದೆ. ಒಂದೇ ಬಂದರೆ ಅಂಥವರು ವಾಹಕರು. ಅವರು ಸಾಮಾನ್ಯವಾಗಿ ಎಲ್ಲರಂತೆ ಆರೋಗ್ಯವಾಗಿಯೇ ಇರುತ್ತಾರೆ. ತಂದೆತಾಯಿಗಳಿಬ್ಬರೂ ವಾಹಕರಾಗಿದ್ದರೆ ಪ್ರತಿಯೊಂದು ಬಸಿರಿನಲ್ಲಿಯೂ ರೋಗದ ಸಂಭವ ನಾಲ್ಕರಲ್ಲಿ ಒಂದು, ವಾಹಕನಾಗುವ ಸಂಭವ ನಾಲ್ಕರಲ್ಲಿ ಎರಡು. ಇಂಥ ಜೀನು ಶತಮಾನಗಳ ಕಾಲ ಉಳಿದುಬಂದುದಕ್ಕೂ ಕಾರಣವಿದೆ. ಒಂದು ಜೀನನ್ನು ಮಾತ್ರ ಪಡೆದ ಮಗುವಿಗೆ ಮಾರಕ ಮಲೇರಿಯಾದಿಂದ ಸ್ವಲ್ಪಮಟ್ಟಿಗೆ ರಕ್ಷಣೆ ದೊರೆಯುತ್ತದೆ. ಮಲೇರಿಯಾ ತಾಂಡವವಾಡಿದ ಕಾಡುಗಳಲ್ಲಿ ವಂಶವನ್ನು ಕಾಪಾಡಿದ ಗುಣವೇ ಇಬ್ಬರ ಕಡೆಯಿಂದಲೂ ಬಂದಾಗ ರೋಗವಾಗಿ ಪರಿಣಮಿಸಿತು.

ಇನ್ನು ಪ್ರಕೃತ ವಿಷಯವಾದ ಹೃದಯದ ಕಡೆಗೆ ಬರಬಹುದು. ‘ಹೃದಯ’ ಶಬ್ದವನ್ನು ಬೃಹದಾರಣ್ಯಕೋಪನಿಷತ್ತು ಹೃ, ದ, ಯ ಎಂಬ ಮೂರು ಅಕ್ಷರಗಳಾಗಿ ಬಿಡಿಸಿ ನೋಡುತ್ತದೆ. ತರುವುದು, ಕೊಡುವುದು, ಹೋಗುವುದು ಎಂಬ ಮೂರು ಕ್ರಿಯೆಗಳು ಆ ಅಕ್ಷರಗಳಲ್ಲಿ ಅಡಗಿವೆ. ಇದರಿಂದ ರಕ್ತಪರಿಚಲನೆಯ ತತ್ತ್ವ ಆಗಲೇ ತಿಳಿದಿತ್ತೆಂದು ಸಾಧಿಸಹೊರಡುವುದು ಸರಿಯಲ್ಲ. ಅದನ್ನು ಪ್ರಯೋಗಗಳಿಂದ ಸಿದ್ಧಪಡಿಸಿ 1628ರಲ್ಲಿ ಪ್ರಕಟಿಸಿದವನು ವಿಲಿಯಂ ಹಾರ್ವೆ. ಆದರೂ ಹೃದಯದ ಕೆಲಸವನ್ನು ನೆನಪಿನಲ್ಲಿಡಲು ಆ ಮೂರು ಅಕ್ಷರಗಳು ಅನುಕೂಲವಾದ ಸೂತ್ರ. ಕುಡುಗೋಲು ಕಣದ ರೋಗ ಈ ಮೂರು ಕ್ರಿಯೆಗಳನ್ನೂ ಒಂದಾದ ಮೇಲೊಂದರಂತೆ ಬಾಧಿಸುತ್ತದೆ.

ಕೊಡುವ ಕೆಲಸವನ್ನೇ ಮೊದಲು ನೋಡಬಹುದು. ಆರೋಗ್ಯವಂತ ವಯಸ್ಕನ ಹೃದಯ ವಿಶ್ರಾಂತಿಯಲ್ಲಿ ನಿಮಿಷಕ್ಕೆ ಸುಮಾರು 5 ಲೀಟರು ರಕ್ತವನ್ನು ಒತ್ತಿ ಕಳಿಸುತ್ತದೆ. ಒಂದು ಡೆಸಿಲೀಟರು ರಕ್ತದಲ್ಲಿ 12–13 ಗ್ರಾಂ ಹಿಮೋಗ್ಲೋಬಿನ್ ಇರಬೇಕಾದ ಕಡೆ ಈ ರೋಗಿಗಳಲ್ಲಿ ಅನೇಕರಿಗೆ 6ರಿಂದ 9 ಗ್ರಾಂ ಮಾತ್ರ ಇರುತ್ತದೆ. ಬಾವಿಯಿಂದ ಅರ್ಧ ತುಂಬಿದ ಬಿಂದಿಗೆಯನ್ನೇ ಹೊತ್ತು ತರಬೇಕಾದವಳು ಮನೆಯ ಹಂಡೆಯನ್ನು ತುಂಬಿಸಲು ಎಷ್ಟು ಸಲ ತಿರುಗಬೇಕು? ಹೃದಯದ ಪಾಡೂ ಅದೇ. ಪ್ರತಿಯೊಂದು ಮಿಡಿತವೂ ಹೊತ್ತೊಯ್ಯುವ ಆಮ್ಲಜನಕ ಕಡಮೆಯಾದ್ದರಿಂದ ಹೆಚ್ಚು ರಕ್ತವನ್ನು ಕಳಿಸಬೇಕಾಗುತ್ತದೆ. ಓಡುವವನ ಹೃದಯ ಮಾಡುವ ಕೆಲಸದ ಒಂದು ಪಾಲನ್ನು ಈ ಮಗುವಿನ ಹೃದಯ ಬೆಂಚಿನ ಮೇಲೆ ಕುಳಿತಾಗಲೂ ಮಾಡುತ್ತಿರುತ್ತದೆ. ವರ್ಷಾನುಗಟ್ಟಲೆ ಹೀಗೆ ದುಡಿದು ಎಡ ಹೃತ್ಕುಕ್ಷಿ ಹಿಗ್ಗುತ್ತದೆ, ಅದರ ಮಾಂಸಖಂಡದ ತೂಕ ಏರುತ್ತದೆ. ಈ ಬದಲಾವಣೆ ಬಾಲ್ಯದಲ್ಲಿಯೇ ತೊಡಗುತ್ತದೆ.

ಎರಡನೆಯದು ತರುವ, ಎಂದರೆ ಬಂದ ರಕ್ತವನ್ನು ಸ್ವೀಕರಿಸುವ ಕೆಲಸ. ಹೃದಯ ಕುಗ್ಗುವುದು ಎಷ್ಟು ಮುಖ್ಯವೋ ಅರಳುವುದೂ ಅಷ್ಟೇ ಮುಖ್ಯ. ಮೆತ್ತಗೆ ಅರಳಿ ಶ್ವಾಸಕೋಶದಿಂದ ಬಂದ ರಕ್ತಕ್ಕೆ ಎಡೆಮಾಡಿಕೊಡಬೇಕು. ಈ ರೋಗದಲ್ಲಿ ಹೃದಯದ ಮಾಂಸಖಂಡ ಕ್ರಮೇಣ ಬಿಗಿದುಕೊಳ್ಳುತ್ತದೆ. ಸೂಕ್ಷ್ಮವಾದ ನಾರಿನ ಅಂಶ ಅದರಲ್ಲಿ ಸೇರುತ್ತದೆ. ಆಗ ರಕ್ತ ಹಿಂದಕ್ಕೆ ಒತ್ತರಿಸಿ ಶ್ವಾಸಕೋಶದಲ್ಲಿ ಒತ್ತಡ ಹೆಚ್ಚಿ ಏದುಸಿರು ಬರುತ್ತದೆ. ಇಲ್ಲಿ ಒಂದು ಮೋಸವಿದೆ. ಹೃದಯ ಎಷ್ಟು ಬಲವಾಗಿ ಕುಗ್ಗುತ್ತದೆ ಎಂಬುದನ್ನು ಮಾತ್ರ ಅಳೆದರೆ ಬಹಳ ಸಲ ಫಲಿತಾಂಶ ಸಹಜವೆಂದೇ ಬರುತ್ತದೆ. ಒತ್ತುವ ಶಕ್ತಿ ಚೆನ್ನಾಗಿದ್ದೂ ಅರಳುವ ಶಕ್ತಿ ಕುಂದಿರಬಹುದು ಎಂಬುದನ್ನು ಬಲ್ಲ ವೈದ್ಯರು ಎರಡನ್ನೂ ಪರಿಶೀಲಿಸುತ್ತಾರೆ.

ಮೂರನೆಯದು ಸಾಗುವಿಕೆ, ಬಲ ಹೃತ್ಕುಕ್ಷಿಯಿಂದ ಶ್ವಾಸಕೋಶಕ್ಕೆ ರಕ್ತ ಹೋಗುವ ದಾರಿ. ಕುಡುಗೋಲು ಕಣಗಳು ಒಡೆದಾಗ ಅವುಗಳೊಳಗಿನ ಹಿಮೋಗ್ಲೋಬಿನ್ ರಕ್ತದ ದ್ರವಕ್ಕೆ ಸೋರುತ್ತದೆ. ರಕ್ತನಾಳಗಳನ್ನು ಸಡಿಲವಾಗಿಡುವ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಈ ಸೋರಿದ ಹಿಮೋಗ್ಲೋಬಿನ್ ಹೀರಿ ಕಬಳಿಸುತ್ತದೆ. ನಾಳಗಳು ಬಿಗಿಯುತ್ತವೆ, ಶ್ವಾಸಕೋಶದ ಧಮನಿಗಳಲ್ಲಿ ಒತ್ತಡ ಏರುತ್ತದೆ, ತೆಳುವಾದ ಗೋಡೆಯ ಬಲ ಹೃತ್ಕುಕ್ಷಿ ಆ ಒತ್ತಡದ ವಿರುದ್ಧ ಹೆಣಗಬೇಕಾಗುತ್ತದೆ. 2004ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, 195 ಮಂದಿ ವಯಸ್ಕ ರೋಗಿಗಳನ್ನು ಎಕೋ ಯಂತ್ರದಿಂದ ಪರೀಕ್ಷಿಸಿದಾಗ ಶೇಕಡ 32ರಷ್ಟು ಜನರಲ್ಲಿ ಈ ಒತ್ತಡ ಏರಿರುವ ಸೂಚನೆ ಕಂಡಿತು; ಅಂಥವರಲ್ಲಿ ಮರಣದ ಅಪಾಯವೂ ಹೆಚ್ಚಾಗಿತ್ತು. ಹೃದಯದೊಳಕ್ಕೆ ನಳಿಕೆ ಹಾಯಿಸಿ ನೇರವಾಗಿ ಅಳೆದ ಮುಂದಿನ ಅಧ್ಯಯನಗಳಲ್ಲಿ ಖಚಿತವಾದ ಅಧಿಕ ಒತ್ತಡ ಸುಮಾರು ಶೇಕಡ 6ರಿಂದ 10ರಷ್ಟು ವಯಸ್ಕರಲ್ಲಿ ಕಂಡುಬಂದಿದೆ. ಎಕೋದ ಸೂಚನೆಯನ್ನೇ ಅಂತಿಮ ತೀರ್ಪೆಂದು ತಿಳಿಯಬಾರದೆಂಬುದೂ, ಅದನ್ನು ಅಲಕ್ಷಿಸಬಾರದೆಂಬುದೂ ಇದರಿಂದ ಸ್ಪಷ್ಟವಾಗುತ್ತದೆ.

ಇವುಗಳ ಜೊತೆಗೆ ಇನ್ನೆರಡು ಪೀಡೆಗಳಿವೆ. ಬಾಗಿದ ಕಣಗಳು ಹೃದಯದ ಮಾಂಸಖಂಡದ ಅತಿ ಸಣ್ಣ ನಾಳಗಳಲ್ಲಿ ಸಿಕ್ಕಿಕೊಂಡರೆ, ದೊಡ್ಡ ಧಮನಿಗಳಲ್ಲಿ ಯಾವ ತಡೆಯೂ ಇಲ್ಲದೆಯೇ ಎಳೆಯ ವಯಸ್ಸಿನಲ್ಲಿ ಹೃದಯಕ್ಕೆ ಆಘಾತವಾಗಬಹುದು. ಹೃದಯದ ಲಯ ತಪ್ಪಿ ಹಠಾತ್ ಮರಣ ಸಂಭವಿಸುವುದೂ ಉಂಟು. ಮತ್ತೊಂದು, ಜೀವ ಉಳಿಸುವ ಚಿಕಿತ್ಸೆಯಿಂದಲೇ ಬರುವ ತೊಂದರೆ. ಪದೇಪದೇ ರಕ್ತ ಕೊಡಬೇಕಾದವರಲ್ಲಿ ಪ್ರತಿ ಸೀಸೆಯೊಡನೆ 200–250 ಮಿಲಿಗ್ರಾಂ ಕಬ್ಬಿಣ ದೇಹವನ್ನು ಸೇರುತ್ತದೆ. ಹೆಚ್ಚಾದ ಕಬ್ಬಿಣವನ್ನು ಹೊರಹಾಕುವ ದಾರಿ ದೇಹಕ್ಕೆ ಇಲ್ಲ. ಅದು ಯಕೃತ್ತಿನಲ್ಲಿಯೂ, ಕೆಲವರಲ್ಲಿ ಹೃದಯದಲ್ಲಿಯೂ ಶೇಖರವಾಗುತ್ತದೆ. ಆದ್ದರಿಂದಲೇ ಈ ರೋಗವಿರುವ ಮಗುವಿಗೆ, ರಕ್ತಹೀನತೆ ಎಂಬ ಹೆಸರನ್ನು ನಂಬಿ, ವೈದ್ಯರ ಮಾತಿಲ್ಲದೆ ಕಬ್ಬಿಣದ ಮಾತ್ರೆ ಕೊಡಬಾರದು. ಕಬ್ಬಿಣದ ಕೊರತೆಯೂ ಇದೆಯೆಂದು ರಕ್ತಪರೀಕ್ಷೆಯಿಂದ ಖಚಿತವಾದಾಗ ವೈದ್ಯರೇ ಅದನ್ನು ವಿಧಿಸುತ್ತಾರೆ. ಇಂಥ ಮಕ್ಕಳಿಗೆ ಸಾಮಾನ್ಯವಾಗಿ ಕೊಡುವುದು ಫೋಲಿಕ್ ಆಮ್ಲದ ಮಾತ್ರೆ. ಹೆಸರಿನ ಅರ್ಥವನ್ನು ತಪ್ಪಾಗಿ ಗ್ರಹಿಸಿದರೆ ಆಗುವ ಹಾನಿಗೆ ಇದು ಒಂದು ನಿದರ್ಶನ.

ಇನ್ನೊಂದು ಗೊಂದಲ ಶಾಲಾ ವಯಸ್ಸಿನಲ್ಲಿಯೇ ತಲೆದೋರುವಂಥದು. ಕೀಲು ನೋವು, ಏದುಸಿರು, ಸ್ಟೆತಾಸ್ಕೋಪಿನಲ್ಲಿ ಹೃದಯದ ಮರ್ಮರ ಶಬ್ದ ಈ ಮೂರು ಒಟ್ಟಾಗಿ ಕಂಡಾಗ ವೈದ್ಯರ ಮನಸ್ಸಿಗೆ ಸಹಜವಾಗಿ ಬರುವುದು ರುಮ್ಯಾಟಿಕ್ ಜ್ವರದಿಂದ ಕವಾಟಗಳು ಕೆಡುವ ಹೃದಯರೋಗ. ಕುಡುಗೋಲು ಕಣ ರೋಗದಲ್ಲಿಯೂ ಈ ಮೂರೂ ಇರಬಲ್ಲವು. ರಕ್ತ ತೆಳುವಾಗಿ ವೇಗವಾಗಿ ಹರಿಯುವುದರಿಂದ ಕವಾಟಗಳು ಕೆಡದಿದ್ದರೂ ಮರ್ಮರ ಕೇಳಿಸುತ್ತದೆ. ಒಂದನ್ನು ಇನ್ನೊಂದೆಂದು ಭ್ರಮಿಸಿದರೆ ಮಗು ವರ್ಷಗಟ್ಟಲೆ ಬೇರೆ ರೋಗದ ಚಿಕಿತ್ಸೆಯನ್ನು ಪಡೆಯುವ ಸಂಭವವಿದೆ. ಮಗುವಿನ ಹುಟ್ಟೂರು ಯಾವುದು, ಒಡಹುಟ್ಟಿದವರಲ್ಲಿ ಇಂಥ ನೋವು ಇದೆಯೇ, ಕಣ್ಣು ಆಗಾಗ ಹಳದಿಯಾಗುವುದೇ ಎಂಬ ಕೆಲವು ಪ್ರಶ್ನೆಗಳೂ, ಒಂದು ರಕ್ತಪರೀಕ್ಷೆಯೂ ಈ ಗೊಂದಲವನ್ನು ಬಿಡಿಸಬಲ್ಲವು. ಆ ಪ್ರಶ್ನೆಗಳಿಗೆ ಉತ್ತರವನ್ನು ಬಲ್ಲವರು ಅನೇಕ ವೇಳೆ ಆಸ್ಪತ್ರೆಗೆ ಮಗುವಿನ ಕೈಹಿಡಿದು ಬಂದ ಶಿಕ್ಷಕರೇ.

ಹೀಗಿರಲು, ಎಲ್ಲ ರೋಗಿಗಳಿಗೂ ವರ್ಷವರ್ಷವೂ ಎಕೋ ಪರೀಕ್ಷೆ ಮಾಡಿಸಿಬಿಟ್ಟರೆ ಆಯಿತಲ್ಲವೇ ಎಂದು ಕೆಲವರು ಕೇಳಬಹುದು. ತಜ್ಞರ ಅಭಿಪ್ರಾಯ ಹಾಗಿಲ್ಲ. ಯಾವ ಲಕ್ಷಣವೂ ಇಲ್ಲದವರಿಗೆಲ್ಲ ವಾಡಿಕೆಯಾಗಿ ಎಕೋ ಮಾಡುವುದನ್ನು 2019ರಲ್ಲಿ ಅಮೆರಿಕದ ರಕ್ತರೋಗ ತಜ್ಞರ ಸಂಘ ಹೊರತಂದ ಮಾರ್ಗಸೂಚಿ ಶಿಫಾರಸು ಮಾಡಲಿಲ್ಲ. ವೈದ್ಯರು ಪ್ರತಿ ಭೇಟಿಯಲ್ಲಿಯೂ ಉಸಿರಾಟ, ಆಯಾಸ, ಎದೆನೋವು, ಕಾಲಿನ ಬಾವು ಮೊದಲಾದ ಲಕ್ಷಣಗಳನ್ನು ಕೂಲಂಕಷವಾಗಿ ವಿಚಾರಿಸಬೇಕು, ಅವು ಕಂಡಾಗ ಪರೀಕ್ಷೆಗೆ ತಡಮಾಡಬಾರದು ಎಂಬುದು ಅದರ ಇಂಗಿತ. ಅಂದರೆ ಯಂತ್ರಕ್ಕಿಂತ ಮೊದಲು ಬೇಕಾದುದು ಲಕ್ಷಣವನ್ನು ಕಾಣುವ ಕಣ್ಣು. ಮಗು ತಾನಾಗಿ ಹೇಳುವುದಿಲ್ಲ. ಹುಟ್ಟಿದಂದಿನಿಂದ ಹಾಗೆಯೇ ಬದುಕಿದ್ದರಿಂದ ತನ್ನ ಏದುಸಿರೇ ಸಹಜವೆಂದು ಅದು ನಂಬಿರುತ್ತದೆ. ತಂದೆತಾಯಿಗಳು ದೂರದ ಹಾಡಿಯಲ್ಲಿದ್ದರೆ ನೋಡುವವರಾರು? ನಲವತ್ತು ಮಕ್ಕಳು ಒಂದೇ ಮೆಟ್ಟಿಲನ್ನು ಹತ್ತುವುದನ್ನು ದಿನವೂ ಕಾಣುವ ಉಪಾಧ್ಯಾಯರಿಗೆ ಹೋಲಿಸಿ ನೋಡುವ ಅವಕಾಶವಿದೆ. ಕಳೆದ ವರ್ಷ ಮೇಲಿನ ಅಂತಸ್ತಿಗೆ ಸರಾಗವಾಗಿ ಬರುತ್ತಿದ್ದ ಹುಡುಗಿ ಈ ವರ್ಷ ನಡುವೆ ನಿಂತು ಕೈಪಿಡಿಯನ್ನು ಹಿಡಿದರೆ, ಅದೇ ಎಷ್ಟೋ ವೇಳೆ ಮೊದಲ ಸೂಚನೆ.

ದುರದೃಷ್ಟದಿಂದ ಶಾಲೆಯ ಭಾಷೆಯಲ್ಲಿ ಇಂಥ ಮಗುವಿಗೆ ಮೊದಲು ದೊರೆಯುವ ಬಿರುದು ‘ಮೈಗಳ್ಳ’ ಎಂಬುದು. ಮೈಯನ್ನು ಕದ್ದಿಡುವವನು ಎಂಬುದು ಆ ಸಮಾಸದ ಅರ್ಥ. ದುಡಿಯಬಲ್ಲ ಮೈಯಿದ್ದೂ ದುಡಿಯದವನಿಗೆ ಆ ಮಾತು ಸಲ್ಲಬಹುದು. ವಿಶ್ರಾಂತಿಯಲ್ಲಿಯೂ ಹೃದಯ ದುಡಿಯುತ್ತಲೇ ಇರುವ ಮಗುವಿಗೆ ಅದು ಹೇಗೆ ಸಂದೀತು? ಬೆಳಗಿನ ಪ್ರಾರ್ಥನೆಯಲ್ಲಿ ಬಿಸಿಲಿಗೆ ನಿಂತು ತಲೆಸುತ್ತಿದವನು, ಕವಾಯಿತಿನಲ್ಲಿ ಹಿಂದೆ ಬಿದ್ದವನು, ತಿಂಗಳಿಗೆ ನಾಲ್ಕು ದಿನ ನೋವೆಂದು ಮಲಗಿದವನು ದಂಡನೆಗೆ ಗುರಿಯಾಗುವ ಮುನ್ನ ವೈದ್ಯರ ಬಳಿಗೆ ಹೋಗಬೇಕು. ಮೈದಾನವನ್ನು ಸುತ್ತುವ ಶಿಕ್ಷೆ ಸಾಮಾನ್ಯ ಬಾಲಕನಿಗೆ ಬೆವರಿನಲ್ಲಿ ಮುಗಿಯುತ್ತದೆ. ಈ ಬಾಲಕನಿಗೆ ಅದು ಪ್ರಾಣಾಂತಿಕವಾಗಬಹುದು.

ಕಾಡಂಚಿನ ಜಿಲ್ಲೆಗಳ ಈ ವಿಚಾರ ತುಮಕೂರು ತಾಲ್ಲೂಕಿನ ಕೋರಕ್ಕೆ ಏಕೆ ಎಂಬ ಆಕ್ಷೇಪ ಬರುವುದು ಸಹಜ. ಬಯಲುಸೀಮೆಯ ಈ ಭಾಗ ರೋಗದ ನೆಲೆಯಲ್ಲ ಎಂಬುದು ನಿಜ. ಆದರೆ ರೋಗವನ್ನು ಹೊತ್ತವರು ಒಂದೇ ನೆಲೆಯಲ್ಲಿ ನಿಲ್ಲಬೇಕೆಂದಿಲ್ಲ. ತುಮಕೂರು ಜಿಲ್ಲೆಯ ಮಠಗಳ ಉಚಿತ ಪ್ರಸಾದನಿಲಯಗಳು ನಾಡಿನ ನಾನಾ ಭಾಗಗಳ ಬಡಮಕ್ಕಳಿಗೆ ಬಹುಕಾಲದಿಂದ ಬಾಗಿಲು ತೆರೆದಿವೆ. ಕೋರ ಹೋಬಳಿಯ ವಸಂತನರಸಾಪುರ ಇಂದು ದೊಡ್ಡ ಕೈಗಾರಿಕಾ ಪ್ರದೇಶ. ಕೈಗಾರಿಕೆ ಬೆಳೆದ ಕಡೆಗೆ ದೂರದ ಊರುಗಳ ದುಡಿಮೆಗಾರರೂ ಅವರ ಮಕ್ಕಳೂ ಬರುತ್ತಾರೆ. ಮಧ್ಯಪ್ರದೇಶ, ಛತ್ತೀಸಗಡ, ಒಡಿಶಾ, ಮಹಾರಾಷ್ಟ್ರಗಳ ಅನೇಕ ಭಾಗಗಳಲ್ಲಿ ಈ ರೋಗ ವ್ಯಾಪಕವಾಗಿದೆ. ಇಲ್ಲಿ ಓದಿ ಶಿಕ್ಷಕರಾದ ಹಳೆಯ ವಿದ್ಯಾರ್ಥಿಗಳು ನಾಳೆ ಹುಣಸೂರಿಗೋ ಹೆಗ್ಗಡದೇವನಕೋಟೆಗೋ ವರ್ಗವಾಗಿ ಹೋಗಬಹುದು. ರೋಗ ಸಾಮಾನ್ಯವಾಗಿರುವ ಕಡೆ ವೈದ್ಯರಿಗೆ ಅದರ ಸಂಶಯ ಬೇಗ ಬರುತ್ತದೆ. ಅಪರೂಪವಾಗಿರುವ ಕಡೆಯಲ್ಲಿಯೇ ಅದು ಕಣ್ತಪ್ಪುವ ಭಯ ಹೆಚ್ಚು. ಆದ್ದರಿಂದ ಬಯಲುಸೀಮೆಯ ಶಾಲೆಗೆ ಈ ತಿಳಿವಳಿಕೆ ಕಡಮೆ ಅಗತ್ಯವಲ್ಲ, ಒಂದು ಅರ್ಥದಲ್ಲಿ ಹೆಚ್ಚಿನ ಅಗತ್ಯ.

ವಿದ್ಯಾರ್ಥಿನಿಲಯಗಳ ದಿನಚರಿಯಲ್ಲಿ ಮಾಡಬೇಕಾದ ಮಾರ್ಪಾಡುಗಳು ದೊಡ್ಡವೇನಲ್ಲ. ಚಳಿಯಲ್ಲಿ ತಣ್ಣೀರು ಸ್ನಾನ ಶಿಸ್ತಿನ ಭಾಗವೆಂದು ಹಲವೆಡೆ ರೂಢಿಯಿದೆ; ಶೀತ ಈ ರೋಗದ ನೋವನ್ನು ಕೆರಳಿಸುವುದರಿಂದ ಇಂಥ ಮಗುವಿಗೆ ಬಿಸಿನೀರು ಕೊಡಬೇಕು. ದೇಹದಲ್ಲಿ ನೀರು ಕಡಮೆಯಾದರೆ ಕಣಗಳು ಬೇಗ ಬಾಗುತ್ತವೆ. ಆದ್ದರಿಂದ ತರಗತಿಯ ನಡುವೆಯೂ ನೀರು ಕುಡಿಯಲು ಅವಕಾಶವಿರಬೇಕು. ಈ ರೋಗಿಗಳ ಮೂತ್ರಪಿಂಡಗಳು ನೀರನ್ನು ಹಿಡಿದಿಡಲಾರವು. ಮತ್ತೆಮತ್ತೆ ಹೊರಗೆ ಹೋಗಲು ಅನುಮತಿ ಕೇಳಿದರೆ ಗದರಿಸಬಾರದು. ಜ್ವರ ಬಂದರೆ ನಾಳೆ ನೋಡೋಣವೆನ್ನದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು, ಏಕೆಂದರೆ ಗುಲ್ಮವು ಎಳವೆಯಲ್ಲಿಯೇ ಕೆಟ್ಟು ಸೋಂಕಿನ ವಿರುದ್ಧ ದೇಹದ ರಕ್ಷಣೆ ಕುಂದಿರುತ್ತದೆ. ಎದೆನೋವು, ಕುಳಿತಲ್ಲಿಯೇ ಏದುಸಿರು, ಮೂರ್ಛೆ, ಕಾಲಿನ ಬಾವು, ಮುಖ ಏಕಾಏಕಿ ಬಿಳಚಿಕೊಳ್ಳುವುದು ಇವುಗಳಲ್ಲಿ ಯಾವುದನ್ನು ಕಂಡರೂ ಕ್ಷಣಮಾತ್ರವೂ ತಡಮಾಡಬಾರದು. ಈ ಲಕ್ಷಣಗಳನ್ನು ಬರೆದ ಒಂದು ಹಾಳೆ ನಿಲಯಪಾಲಕರ ಕೊಠಡಿಯ ಗೋಡೆಯ ಮೇಲಿದ್ದರೆ ಖರ್ಚೇನು?

ಇದರ ಇನ್ನೊಂದು ಬದಿಯಲ್ಲಿಯೂ ಪ್ರಮಾದವಿದೆ. ಕನಿಕರದ ಭರದಲ್ಲಿ ಮಗುವನ್ನು ಆಟಪಾಟಗಳಿಂದ ಪೂರ್ಣವಾಗಿ ದೂರವಿಟ್ಟು ಮೂಲೆಯಲ್ಲಿ ಕೂರಿಸುವುದೂ ಅನ್ಯಾಯವೇ. ವೈದ್ಯರು ಒಪ್ಪಿದ ಮಿತಿಯಲ್ಲಿ, ನಡುನಡುವೆ ವಿಶ್ರಾಂತಿಯೂ ನೀರೂ ದೊರೆಯುವಂತೆ ಅದು ಆಡಬಹುದು, ಆಡಬೇಕು. ಕಬಡ್ಡಿಯ ಅಂಕಣದಲ್ಲಿ ಉಸಿರು ಹಿಡಿದು ಸೆಣಸಲಾರದ ಹುಡುಗ ಅಂಕ ಬರೆಯುವವನಾಗಿ, ತೀರ್ಪುಗಾರನಾಗಿ ತಂಡದೊಳಗೇ ಇರಬಹುದು. ಅವನನ್ನು ಹೊರಗಿಡದೆ ಹೊರೆಯನ್ನು ಮಾತ್ರ ಇಳಿಸುವ ಜಾಣ್ಮೆ ವ್ಯಾಯಾಮ ಶಿಕ್ಷಕರಿಗೆ ಇರಬೇಕಾದುದು.

ಗೋಪ್ಯದ ಮಾತೂ ಅಷ್ಟೇ ಮುಖ್ಯ. ಯಾವ ಮಗುವಿಗೆ ರೋಗವಿದೆ, ಯಾರು ವಾಹಕರು ಎಂಬುದು ತರಗತಿಯಲ್ಲಿ ಕೂಗಿ ಹೇಳುವ ಸುದ್ದಿಯಲ್ಲ. ವಾಹಕ ರೋಗಿಯಲ್ಲ ಎಂಬ ಸರಳ ಸತ್ಯ ತಿಳಿಯದ ಕಡೆ ಈ ಮಾತು ಮದುವೆಯ ಮಾತುಕತೆಗೆ ಅಡ್ಡಬರುತ್ತದೆ, ಇಡೀ ಸಮುದಾಯದ ಮೇಲೆ ಕಳಂಕವಾಗುತ್ತದೆ. ಮದುವೆಗೆ ಮುನ್ನ ಗಂಡೂ ಹೆಣ್ಣೂ ತಮ್ಮ ರಕ್ತಪರೀಕ್ಷೆಯ ಫಲವನ್ನು ಅರಿತಿರುವುದು ಹಿತ. ಅದನ್ನು ಹೇಳಿ ತಿಳಿಸುವ ಕೆಲಸ ತರಬೇತಾದ ಆರೋಗ್ಯ ಕಾರ್ಯಕರ್ತರದು, ಹರಟೆಕಟ್ಟೆಯದಲ್ಲ. ಶಾಲೆಯಲ್ಲಿ ಮುಖ್ಯೋಪಾಧ್ಯಾಯರು, ನಿಲಯಪಾಲಕರು, ತರಗತಿಯ ಉಪಾಧ್ಯಾಯರು, ವ್ಯಾಯಾಮ ಶಿಕ್ಷಕರು ಇಷ್ಟು ಜನ ತಿಳಿದಿದ್ದರೆ ಸಾಕು.

ನಿರಾಶೆಗೆ ಕಾರಣವಿಲ್ಲ. ಹೈಡ್ರಾಕ್ಸಿಯೂರಿಯಾ ಎಂಬ ಔಷಧಿ ಗರ್ಭಸ್ಥ ಶಿಶುವಿನಲ್ಲಿರುವ ಬಗೆಯ ಹಿಮೋಗ್ಲೋಬಿನ್ನನ್ನು ಹೆಚ್ಚಿಸಿ ಕಣಗಳು ಬಾಗುವುದನ್ನು ತಗ್ಗಿಸುತ್ತದೆ. 1998ರಲ್ಲಿ ಅಮೆರಿಕದಲ್ಲಿ ಈ ರೋಗಕ್ಕಾಗಿ ಅನುಮೋದನೆ ಪಡೆದ ಅದು ಭಾರತದಲ್ಲಿಯೂ ಬಳಕೆಯಲ್ಲಿದೆ. ಕಾಲಕಾಲಕ್ಕೆ ರಕ್ತಪರೀಕ್ಷೆ ಮಾಡಿಸುತ್ತ, ವೈದ್ಯರ ನಿಗಾದಲ್ಲಿ ತಪ್ಪದೆ ಸೇವಿಸಬೇಕಾದ ಔಷಧಿ. 2023ರ ಡಿಸೆಂಬರಿನಲ್ಲಿ ಅಮೆರಿಕದಲ್ಲ�ಿ ಜೀನು ಚಿಕಿತ್ಸೆಗಳಿಗೂ ಒಪ್ಪಿಗೆ ದೊರೆಯಿತು. ಅವುಗಳ ಬೆಲೆ ಒಬ್ಬರಿಗೆ 20 ಲಕ್ಷ ಡಾಲರಿಗೂ ಮೀರಿದ್ದು, ಬಡವರ ಕೈಗೆ ನಿಲುಕದಂಥದು. ಭಾರತದಲ್ಲಿ 2023ರ ಜುಲೈ 1ರಂದು ಮಧ್ಯಪ್ರದೇಶದ ಷಹಡೋಲ್‌ನಲ್ಲಿ ಈ ರೋಗದ ನಿರ್ಮೂಲನೆಗಾಗಿ ರಾಷ್ಟ್ರೀಯ ಅಭಿಯಾನ ಉದ್ಘಾಟನೆಯಾಯಿತು. ಕರ್ನಾಟಕವೂ ಸೇರಿದಂತೆ 17 ರಾಜ್ಯಗಳಲ್ಲಿ, 40 ವರ್ಷದವರೆಗಿನ 7 ಕೋಟಿ ಜನರನ್ನು ಪರೀಕ್ಷಿಸುವುದೂ, 2047ರೊಳಗೆ ರೋಗವನ್ನು ಇಲ್ಲವಾಗಿಸುವುದೂ ಅದರ ಗುರಿ. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮ ಅಂಗೀಕರಿಸಿದ 21 ಬಗೆಯ ಅಂಗವೈಕಲ್ಯಗಳಲ್ಲಿ ಕುಡುಗೋಲು ಕಣ ರೋಗವೂ ಸೇರಿದೆ. ಅರ್ಹ ವಿದ್ಯಾರ್ಥಿಗೆ ಈ ಪ್ರಮಾಣಪತ್ರವನ್ನು ಕೊಡಿಸಲು ನೆರವಾಗುವುದು ಶಾಲೆಯ ಕಚೇರಿಯಿಂದ ಆಗಬಹುದಾದ ಉಪಕಾರ.

ಇಲ್ಲಿಯೇ ದಾನಿಗಳ ಪಾತ್ರ ಬರುತ್ತದೆ. ಕೊಠಡಿ ಕಟ್ಟಿಸಿದವರ ಹೆಸರು ಗೋಡೆಯ ಕಲ್ಲಿನಲ್ಲಿ ಉಳಿಯುತ್ತದೆ. ಆ ದಾನ ಶ್ಲಾಘ್ಯವೇ. ಆದರೆ ಏದುಸಿರು ಬಿಡುವ ಮಗುವನ್ನು ತುಮಕೂರಿನ ಜಿಲ್ಲಾ ಆಸ್ಪತ್ರೆಗೋ, ಬೆಂಗಳೂರು ಅಥವಾ ಮೈಸೂರಿನ ಜಯದೇವ ಹೃದ್ರೋಗ ಸಂಸ್ಥೆಗೋ ಕರೆದೊಯ್ಯುವ ಬಸ್ಸಿನ ಖರ್ಚು, ಜೊತೆಗೆ ಬರುವ ತಾಯಿಯ ಒಂದು ದಿನದ ಕೂಲಿಯ ನಷ್ಟ, ತಪ್ಪದೆ ಕೊಳ್ಳಬೇಕಾದ ಮಾತ್ರೆ ಇವುಗಳಿಗೆ ಯಾರ ಹೆಸರಿನ ಕಲ್ಲೂ ಇಲ್ಲ. ಚಿಕಿತ್ಸೆ ಇದ್ದೂ ಮಗು ಅದನ್ನು ತಲುಪದಿರುವುದು ಬಹುತೇಕ ಇಂಥ ಸಣ್ಣ ವೆಚ್ಚಗಳ ಮುಂದೆಯೇ. ವಿದ್ಯಾಸಂಸ್ಥೆ ಇದಕ್ಕಾಗಿ ಒಂದು ಸಣ್ಣ ನಿಧಿಯನ್ನು ಬೇರೆಯಾಗಿ ಇಟ್ಟರೆ ಯಾವ ಹೃದಯರೋಗದ ಮಗುವಿಗಾದರೂ ಅದು ಒದಗೀತು. ಹಳೆಯ ವಿದ್ಯಾರ್ಥಿಗಳು ವರ್ಷಕ್ಕೊಮ್ಮೆ ಸೇರುವ ದಿನ ರಕ್ತದಾನ ಶಿಬಿರವನ್ನೂ ನಡೆಸಿದರೆ ಸಭೆ ಇನ್ನಷ್ಟು ಸಾರ್ಥಕವಾದೀತು. ವೈದ್ಯರಾದ ಹಳೆಯ ವಿದ್ಯಾರ್ಥಿಗಳು ಆ ದಿನವೇ ಉಪಾಧ್ಯಾಯರಿಗೆ ಒಂದು ಗಂಟೆ ಪಾಠ ಹೇಳಬಹುದು.

ಪ್ರತಿ ಶಾಲೆಯಲ್ಲಿಯೂ ದಾಖಲಾತಿಯ ಸಮಯಕ್ಕೆ ಹುಟ್ಟಿದ ತಾರೀಖು, ತಂದೆಯ ಉದ್ಯೋಗ, ಹಿಂದಿನ ಶಾಲೆಯ ಹೆಸರು ಇವೆಲ್ಲವನ್ನೂ ಕೇಳಿ ಬರೆದುಕೊಳ್ಳುವರು. ಅದೇ ಅರ್ಜಿಯಲ್ಲಿ, ಮಗುವಿಗೆ ಓಡುವಾಗ ಉಸಿರು ಕಟ್ಟುವುದುಂಟೆ, ಕೈಕಾಲು ನೋವಿನಿಂದ ಪದೇಪದೇ ಮಲಗುವುದುಂಟೆ, ಮನೆಯಲ್ಲಿ ಇನ್ನಾರಿಗಾದರೂ ಹೀಗಿದೆಯೆ ಎಂಬ ಮೂರು ಪ್ರಶ್ನೆಗಳನ್ನು ಸೇರಿಸುವುದು ಕಷ್ಟವಲ್ಲ. ಉತ್ತರ ಹೌದೆಂದು ಬಂದರೆ ಮುಂದಿನದನ್ನು ವೈದ್ಯರು ನೋಡಿಕೊಳ್ಳುವರು. ಆ ಮೂರು ಪ್ರಶ್ನೆಗಳನ್ನು ಬರುವ ಜೂನ್ ತಿಂಗಳ ದಾಖಲಾತಿಯಿಂದಲೇ ಕೇಳತೊಡಗಲಿ.